ಇಂದುನಗರದ ಪಾಠ, ಮಲ್ಪೆಯ ಹಡಗು

ಕಡಲಿಲ್ಲದ ನೀಲಗಿರಿಗೂ ಹಡಗಿಗೂ ಹಳೆಯ ನಂಟಿದೆ. ಗೂಡಲೂರಿನಿಂದ ನಾಡುಗಾಣಿ ಘಟ್ಟವನ್ನಿಳಿದರೆ ನಿಲಂಬೂರಿನ ತೇಗದ ಸೀಮೆ. ನೌಕಾದಳಕ್ಕೆ ಮಲಬಾರಿನ ತೇಗ ಬೇಕಾದಾಗ ಕಂಪನಿ ಸರ್ಕಾರವು 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿತು. ಹೆಸರು ಸಂರಕ್ಷಣೆ, ಕೆಲಸ ಮರ ಒದಗಿಸುವುದು. ಮಲಬಾರಿನ ತೇಗದಿಂದ 1817ರಲ್ಲಿ ಮುಂಬಯಿಯಲ್ಲಿ ಕಟ್ಟಿದ ‘ಟ್ರಿಂಕೋಮಲಿ’ ಇಂದಿಗೂ ಇಂಗ್ಲೆಂಡಿನಲ್ಲಿ ತೇಲುತ್ತಿದೆ. ಮರ ನಮ್ಮದು, ಕೈಚಳಕ ನಮ್ಮದು, ಬಾವುಟ ಮಾತ್ರ ಪರರದು.

ಇಂದು ಬಾವುಟ ನಮ್ಮದೇ. ಆದರೂ ಜಗತ್ತಿನ ಹಡಗು ನಿರ್ಮಾಣದಲ್ಲಿ ಭಾರತದ ಪಾಲು ಶೇಕಡಾ ಒಂದನ್ನೂ ಮುಟ್ಟಿಲ್ಲ. ಈ ಕೊರತೆಯನ್ನು ನೀಗಲು ಕೇಂದ್ರ ಸಚಿವ ಸಂಪುಟವು 2025ರ ಸೆಪ್ಟೆಂಬರಿನಲ್ಲಿ 69,725 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು. ಅದರಲ್ಲಿ 24,736 ಕೋಟಿ ರೂಪಾಯಿಗಳ ಹಣಕಾಸು ನೆರವಿನ ಯೋಜನೆ 2036ರ ಮಾರ್ಚ್‌ವರೆಗೆ ನಡೆಯಲಿದೆ. ಉದ್ಯಮವನ್ನು ಮಾರುಕಟ್ಟೆಗೇ ಬಿಡಬೇಕೆನ್ನುವವರುಂಟು. ಆದರೆ ಕೊರಿಯಾ, ಚೀನಾ ದೇಶಗಳ ಹಡಗುಕಟ್ಟೆಗಳು ಬೆಳೆದದ್ದೂ ಸರ್ಕಾರದ ಆಸರೆಯಲ್ಲಿಯೇ. ಆದ್ದರಿಂದ ನೆರವು ತಪ್ಪಲ್ಲ; ನೆರವಿನೊಡನೆ ಯಾವ ಷರತ್ತು ಇರಬೇಕೆಂಬುದೇ ಪ್ರಶ್ನೆ.

ಉತ್ತರಕ್ಕಾಗಿ ನಾವು ದೂರ ಹೋಗಬೇಕಿಲ್ಲ. ಉದಕಮಂಡಲದ ಇಂದುನಗರದಲ್ಲಿ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಇತ್ತು. 1960ರಲ್ಲಿ ಸ್ಥಾಪನೆಗೊಂಡು, 1967ರಲ್ಲಿ ಉತ್ಪಾದನೆ ತೊಡಗಿದ ಈ ಕಾರ್ಖಾನೆಯು ಎಕ್ಸ್-ರೇ ಫಿಲ್ಮು, ಸಿನಿಮಾ ಫಿಲ್ಮುಗಳನ್ನು ದೇಶದಲ್ಲಿಯೇ ತಯಾರಿಸಿ ಸ್ವಾವಲಂಬನೆಯ ಹೆಗ್ಗುರುತಾಗಿತ್ತು. ಆಮದು ಸುಂಕದ ಬೇಲಿಯೊಳಗೆ ಅದು ಬದುಕಿತು. ಬೇಲಿ ತಗ್ಗಿತು, ಸಾಲ ಏರಿತು. ಬಳಿಕ ಡಿಜಿಟಲ್ ತಂತ್ರಜ್ಞಾನ ಬಂದು ಫಿಲ್ಮಿನ ಅಗತ್ಯವೇ ಇಲ್ಲವಾಯಿತು. ಕೊನೆಗೆ ಸರ್ಕಾರ ಕೊಟ್ಟದ್ದು ಸ್ವಯಂ ನಿವೃತ್ತಿಯ ಪರಿಹಾರ. ಅಲ್ಲಿನ ಕಾರ್ಮಿಕರಿಗೆ ಕೌಶಲ ಇರಲಿಲ್ಲವೆಂದಲ್ಲ. ಕಾಲದೊಡನೆ ಆ ಕೌಶಲವನ್ನು ಹೊಸತಾಗಿಸುವ ಏರ್ಪಾಡು ಇರಲಿಲ್ಲ.

ಈ ಪಾಠ ಮಲ್ಪೆಗೂ ಸಲ್ಲುತ್ತದೆ. ಅಲ್ಲಿನ ಹಡಗುಕಟ್ಟೆಯನ್ನು ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ತನ್ನದಾಗಿಸಿಕೊಂಡಿತು. ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನ ಅದು ನಾರ್ವೆಯ ಕಂಪನಿಗೂ ಸರಕು ಹಡಗು ಕಟ್ಟುತ್ತಿದೆ. ಇಂಥ ಕಟ್ಟೆಗಳಿಗೆ ಕೊಡುವ ಹಣವನ್ನು ಕಟ್ಟಿದ ಹಡಗುಗಳ ಲೆಕ್ಕದಿಂದಷ್ಟೇ ಅಳೆಯಲಾಗದು. ಹಡಗಿನ ವಿನ್ಯಾಸ, ಎಂಜಿನ್, ಉಕ್ಕು ಇವುಗಳಲ್ಲಿ ಎಷ್ಟು ನಮ್ಮಲ್ಲಿಯೇ ಆಯಿತು? ಬೆಸುಗೆ ಹಾಕುವ ತರುಣನಿಗೆ ಅವನ ನುಡಿಯಲ್ಲಿ ತರಬೇತಿ ದೊರೆಯಿತೇ? ನೆರವು ನಿಂತ ಮರುವರ್ಷವೂ ಕಟ್ಟೆ ತನ್ನ ಕಾಲ ಮೇಲೆ ನಿಲ್ಲಬಲ್ಲುದೇ? ಈ ಪ್ರಶ್ನೆಗಳಿಗೆ ವರ್ಷವರ್ಷವೂ ಬಹಿರಂಗವಾಗಿ ಉತ್ತರ ಕೊಟ್ಟ ಕಟ್ಟೆಗೆ ಮಾತ್ರ ಮುಂದಿನ ಕಂತು ಸಲ್ಲಬೇಕು.

ಕನ್ನಡದ ವಿದ್ಯಾರ್ಥಿಗಳಿಗೆ ಇದೆಲ್ಲ ಏಕೆಂದು ಕೇಳಬಹುದು. ತರಬೇತಿಯ ಪಾಠವನ್ನು ಕನ್ನಡದಲ್ಲಿ ಬರೆಯುವವರು ಬೇಕು. ಸರ್ಕಾರದ ಲೆಕ್ಕವನ್ನು ಜನರ ನುಡಿಯಲ್ಲಿ ಓದಿ ಹೇಳುವವರೂ ಬೇಕು. ಆ ಕೆಲಸ ನಮ್ಮದು.