ಪೈಲ್ವಾನನ ಮಾತಿಗೆ ತೂಕ ಬರುವುದು ಯಾವಾಗ?

1980ರ ಆರಂಭದಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ಭಾರತದಲ್ಲಿದ್ದರು. ದೆಹಲಿಯಲ್ಲಿ ಇಂದಿರಾ ಗಾಂಧಿಯವರನ್ನು ಕಂಡರು, ಮದ್ರಾಸಿನಲ್ಲಿ ಪ್ರದರ್ಶನ ಪಂದ್ಯ ಆಡಿದರು. ಇಲ್ಲಿರುವಾಗಲೇ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಂದ ಕೋರಿಕೆ ಬಂತು. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದೆ; ಮಾಸ್ಕೋ ಒಲಿಂಪಿಕ್ಸ್‌ನಿಂದ ದೂರ ಉಳಿಯುವಂತೆ ಆಫ್ರಿಕಾದ ದೇಶಗಳಿಗೆ ಹೇಳಿಬನ್ನಿ ಎಂದು. ಅಲಿ ಹೊರಟರು. ಟಾಂಜಾನಿಯದ ಅಧ್ಯಕ್ಷ ಜೂಲಿಯಸ್ ನೈರೇರೆ ಭೇಟಿಗೇ ಒಪ್ಪಲಿಲ್ಲ. ವರ್ಣಭೇದ ನೀತಿಯ ಕಾರಣಕ್ಕೆ 1976ರಲ್ಲಿ ನಾವು ಮಾಂಟ್ರಿಯಲ್ ಒಲಿಂಪಿಕ್ಸ್ ಬಿಟ್ಟು ನಡೆದಾಗ ನಿಮ್ಮ ದೇಶ ಎಲ್ಲಿತ್ತು ಎಂದು ಅಲ್ಲಿನ ಪತ್ರಕರ್ತರು ಕೇಳಿದರೆ ಅಲಿ ಬಳಿ ಉತ್ತರವಿರಲಿಲ್ಲ.

ಇದೇ ಮನುಷ್ಯ 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಸೈನ್ಯಕ್ಕೆ ಸೇರಲಾರೆ, ವಿಯೆಟ್ನಾಂ ಯುದ್ಧ ನನ್ನದಲ್ಲ ಎಂದು ನಿಂತಾಗ ಜಗತ್ತೇ ಕಿವಿಗೊಟ್ಟಿತ್ತು. ಚಾಂಪಿಯನ್ ಪಟ್ಟ ಹೋಯಿತು, ಐದು ವರ್ಷ ಜೈಲು ಶಿಕ್ಷೆಯ ತೀರ್ಪೂ ಬಂತು. ಮೇಲ್ಮನವಿಯಿಂದಾಗಿ ಜೈಲು ತಪ್ಪಿದರೂ ಇಪ್ಪತ್ತೈದರಿಂದ ಇಪ್ಪತ್ತೆಂಟರ ತನಕ, ಮೈಯಲ್ಲಿ ಕಸುವು ತುಂಬಿದ್ದ ಮೂರೂವರೆ ವರ್ಷ ಅಖಾಡದ ಹೊರಗೇ ಕಳೆಯಿತು. 1971ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿತು. ಆ ವರ್ಷಗಳನ್ನು ಯಾವ ಕೋರ್ಟ್ ತಿರುಗಿ ಕೊಟ್ಟೀತು?

ಬಾಯಿ ಒಂದೇ, ಹೆಸರೂ ಒಂದೇ. ಮೊದಲ ಸಲದ್ದು ತಾನೇ ಬೆಲೆ ತೆತ್ತು ಆಡಿದ ಮಾತು, ಎರಡನೆಯದು ಸರ್ಕಾರ ಹೇಳಿ ಕಳಿಸಿದ್ದು. ಆಟಗಾರ ರಾಜಕೀಯ ಮಾತಾಡಬಹುದೇ ಎಂಬ ಪ್ರಶ್ನೆಯೇ ಹಾಗಾಗಿ ನನಗೆ ಸಪ್ಪೆ ಎನಿಸುತ್ತದೆ. ಯಾರ ಪರವಾಗಿ ಮಾತಾಡುತ್ತಿದ್ದಾನೆ, ಏನು ಕಳೆದುಕೊಂಡು ಮಾತಾಡುತ್ತಿದ್ದಾನೆ ಎಂದು ಕೇಳಬೇಕು.

ಅಲಿಯನ್ನು ದೇವರಾಗಿಸುವುದೂ ಬೇಡ. ತನಗೆ ಬಾಕ್ಸಿಂಗ್ ಲೈಸೆನ್ಸ್ ಮರಳಿ ಸಿಗಲೆಂದು ಓಡಾಡಿದ್ದ ಎದುರಾಳಿ ಬಾಕ್ಸರ್ ಜೋ ಫ್ರೇಜಿಯರ್‌ನನ್ನೇ ಆತ ಗೊರಿಲ್ಲಾ ಎಂದು ಹೀಯಾಳಿಸಿದ. ಕರಿಯರ ಮಾನಕ್ಕಾಗಿ ಹೋರಾಡಿದವನ ಬಾಯಲ್ಲಿ ಬರಬಾರದಿದ್ದ ಮಾತು ಅದು.

ನಮ್ಮ ಅತನೂರ ಸೀಮೆಗೆ ಬನ್ನಿ. ಅಫಜಲಪುರ, ಆಳಂದ, ಜೇವರ್ಗಿ ಕಡೆಯ ಜಾತ್ರೆಗಳಲ್ಲಿ ಕೊನೆಯ ಕುಸ್ತಿ ಗೆದ್ದವನಿಗೆ ಬೆಳ್ಳಿ ಕಡಗ, ತಲೆಗೆ ರುಮಾಲು, ಹಲಗಿ ಬಾರಿಸಿ ಮೆರವಣಿಗೆ. ಅದೇ ಹುಡುಗ ಮರುದಿನ ಪಂಚಾಯಿತಿ ಮುಂದೆ ನಿಂತು ಕುಡಿಯುವ ನೀರು ಯಾಕಿಲ್ಲ ಎಂದು ಕೇಳಲಿ, "ನಿನಗ್ಯಾಕೋ ತಮ್ಮಾ ರಾಜಕೀಯ, ಕುಸ್ತಿ ಆಡು ಸಾಕು" ಅಂತಾರೆ ಹಿರೇರು. ಹಂಗಂದವರೇ ಚುನಾವಣೆ ಬಂದಾಗ ಅವನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಊರೂರು ತಿರುಗುತ್ತಾರೆ. ಆಗ ಅದು ರಾಜಕೀಯ ಅಲ್ಲ!

2023ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತ ಸಾಕ್ಷಿ ಮಲಿಕ್, ವಿನೇಶ್ ಫೋಗಟ್, ಬಜರಂಗ್ ಪುನಿಯಾ ಅವರಿಗೂ ಇದೇ ಬುದ್ಧಿಮಾತು ಸಿಕ್ಕಿತು. ಕುಸ್ತಿ ಫೆಡರೇಷನ್ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ಬೀದಿಗೆ ಬಂದವರು ಅವರು. ಪದಕ ತಂದಾಗ ದೇಶದ ಮಕ್ಕಳು, ದೂರು ತಂದಾಗ ರಾಜಕೀಯದವರು. ಮೇ 28ರಂದು ಪೊಲೀಸರು ಅವರನ್ನು ಎಳೆದೊಯ್ದರು. ರಿಯೊದಲ್ಲಿ ಕಂಚು ಗೆದ್ದ ಸಾಕ್ಷಿ ಆ ಡಿಸೆಂಬರಿನಲ್ಲಿ ಕುಸ್ತಿಯನ್ನೇ ಬಿಟ್ಟರು.

ಎಲ್ಲ ಆಟಗಾರರೂ ಹೋರಾಡಲೇಬೇಕೆಂದು ನಾನು ಹೇಳುವುದಿಲ್ಲ. ಮನೆಯ ಹೊಟ್ಟೆಪಾಡು ನೋಡಿಕೊಂಡು ಸುಮ್ಮನಿರುವ ಹಕ್ಕು ಪೈಲ್ವಾನನಿಗೂ ಇದೆ. ಅವನ ಬಾಯಿ ಮುಚ್ಚಿಸುವ ಹಕ್ಕು ಮಾತ್ರ ಕಡಗ ತೊಡಿಸಿದವರಿಗೆ ಇಲ್ಲ. 2005ರಲ್ಲಿ ಅಮೆರಿಕ ಸರ್ಕಾರ ಅಲಿಯ ಕೊರಳಿಗೆ ತನ್ನ ಅತ್ಯುನ್ನತ ನಾಗರಿಕ ಪದಕ ಹಾಕಿತು. ಅಷ್ಟರಲ್ಲಿ ಪಾರ್ಕಿನ್ಸನ್ ಕಾಯಿಲೆ ಅವರ ಮಾತನ್ನು ಹೆಚ್ಚೂಕಡಿಮೆ ಕಸಿದುಕೊಂಡಿತ್ತು.