ಕಾಡುಗಳ್ಳನ ಕೈಗೆ ಸಿಕ್ಕ ಟಾಡಾ ಎಂಬ ಅಸ್ತ್ರ

ಎಲ್ಲೋ ಒಂದು ಕಡೆ ಬಾಂಬ್ ಸಿಡಿದರೆ, ಗುಂಡು ಹಾರಿದರೆ, ಮರುದಿನದಿಂದಲೇ ಒಂದು ಒತ್ತಾಯ ಶುರುವಾಗುತ್ತದೆ: ಕಾನೂನು ಇನ್ನಷ್ಟು ಬಿಗಿಯಾಗಲಿ, ಜಾಮೀನು ಸಿಗದಂತಾಗಲಿ, ಹಕ್ಕುಗಳ ಮಾತು ಸದ್ಯಕ್ಕೆ ಬೇಡ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿ ಹತ್ಯೆಯಾದಾಗಲೂ ಇದೇ ಕೇಳಿಬಂತು. ಸತ್ತವರಲ್ಲಿ ಕನ್ನಡಿಗರೂ ಇದ್ದರು. ಆ ಸಿಟ್ಟು ಸಹಜವಾದದ್ದು. ಆದರೆ ಈ ಒತ್ತಾಯದ ಬುಡದಲ್ಲಿ ಒಂದು ಲೆಕ್ಕಾಚಾರ ಅಡಗಿದೆ. ಹಕ್ಕು ಎಷ್ಟು ಕಡಿಮೆಯಾದರೆ ಭದ್ರತೆ ಅಷ್ಟು ಹೆಚ್ಚುತ್ತದೆ ಎಂಬ ಲೆಕ್ಕಾಚಾರ ಅದು. ಅದು ನಿಜವೋ ಸುಳ್ಳೋ ಎಂದು ತಿಳಿಯಲು ಕಾಶ್ಮೀರದ ತನಕ ಹೋಗಬೇಕಿಲ್ಲ. ನಂಜನಗೂಡು ದಾಟಿ ಚಾಮರಾಜನಗರದತ್ತ ಹೋಗುವ ರಸ್ತೆ, ತಿ. ನರಸೀಪುರ ದಾಟಿ ಕೊಳ್ಳೇಗಾಲದ ಮೂಲಕ ಮಾದಪ್ಪನ ಬೆಟ್ಟ ಸೇರುವ ರಸ್ತೆ, ಇವೆರಡರ ತುದಿಯಲ್ಲೇ ಆ ಪರೀಕ್ಷೆ ಒಮ್ಮೆ ನಡೆದುಹೋಗಿದೆ. ಉತ್ತರ ಮೈಸೂರಿನ ನ್ಯಾಯಾಲಯದ ಕಡತಗಳಲ್ಲೇ ಇದೆ.

1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಗುವವರೆಗೆ ಆ ಸೀಮೆಯೆಲ್ಲ ಮೈಸೂರು ಜಿಲ್ಲೆಗೇ ಸೇರಿತ್ತು. ಕಾಡುಗಳ್ಳ ವೀರಪ್ಪನ್ ಅಲ್ಲಿ ನಡೆಸಿದ ಕ್ರೌರ್ಯವನ್ನು ಹಗುರ ಮಾಡಿ ಹೇಳಿದರೆ ಈ ಚರ್ಚೆಗೆ ಅರ್ಥವೇ ಉಳಿಯದು. 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ನಂಬಿಸಿ ಕರೆಸಿಕೊಂಡು ಕೊಂದ. 1992ರ ಆಗಸ್ಟ್‌ನಲ್ಲಿ ಮೀಣ್ಯಂ ಬಳಿ ಹೊಂಚುಹಾಕಿ ಎಸ್‌ಪಿ ಟಿ. ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಸೇರಿದಂತೆ ಪೊಲೀಸರನ್ನು ಬಲಿ ತೆಗೆದುಕೊಂಡ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿಯ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಸತ್ತರು. ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿದಾರರು ಅವರಲ್ಲಿದ್ದರು. ಇಂಥವನನ್ನು ಹಿಡಿಯಲು ಸರ್ಕಾರ ಸಾಮಾನ್ಯ ಕ್ರಮಗಳನ್ನು ಮೀರಿ ಹೋಗಬೇಕಾಯಿತು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ವಿಶೇಷ ಕಾರ್ಯಪಡೆ ಬಂದದ್ದು ಸರಿಯೇ. ಆ ಪಡೆಯ ಕೈಯಲ್ಲಿ ಟಾಡಾ ಕಾನೂನಿದ್ದಾಗ ಏನಾಯಿತು ಎಂಬುದನ್ನು ನೋಡಬೇಕು.

ಟಾಡಾ ಎಂದರೆ ಭಯೋತ್ಪಾದನೆ ತಡೆಗೆಂದು 1985ರಲ್ಲಿ ಬಂದು, 1987ರಲ್ಲಿ ಹೊಸದಾಗಿ ಜಾರಿಯಾದ ಕಾಯ್ದೆ. ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೇ ಅದರಲ್ಲಿ ಸಾಕ್ಷ್ಯ. ಜಾಮೀನು ಸಿಗುವುದು ಬಲು ಕಷ್ಟ. ಕಾಡಂಚಿನ ಹಳ್ಳಿಗಳಿಂದ ನೂರಕ್ಕೂ ಹೆಚ್ಚು ಜನ ಈ ಕಾಯ್ದೆಯಡಿ ಆರೋಪಿಗಳಾದರು. ವೀರಪ್ಪನ್‌ಗೆ ಅಕ್ಕಿ ಕೊಟ್ಟರು, ದಾರಿ ತೋರಿಸಿದರು ಎಂಬಂಥ ಆಪಾದನೆಗಳು. ರಾತ್ರಿ ಬಂದೂಕು ಹಿಡಿದು ಬಾಗಿಲು ತಟ್ಟಿದವನಿಗೆ ಇಲ್ಲವೆನ್ನುವ ಧೈರ್ಯ ಯಾರಿಗಿತ್ತು ಎಂದು ಕೇಳುವವರಿರಲಿಲ್ಲ. ಸಂಸತ್ತಿನ ಸದಸ್ಯರಿಗೆ ಪತ್ರ ಬರೆದು ಈ ಕಾಯ್ದೆಯನ್ನು ಮುಂದುವರಿಸಬೇಡಿ ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ಕೇಳಿಕೊಂಡಿತು. 1995ರ ಮೇ ತಿಂಗಳಲ್ಲಿ ಟಾಡಾ ಕೊನೆಗೊಂಡಿತು. ಆದರೆ ಆಗಲೇ ದಾಖಲಾಗಿದ್ದ ಪ್ರಕರಣಗಳು ಅದರಡಿಯಲ್ಲೇ ಮುಂದುವರಿದವು. ಕಾನೂನು ಸತ್ತಮೇಲೂ ಮೈಸೂರು ಜೈಲಿನಲ್ಲಿ ಅದರ ಕೈದಿಗಳು ಉಳಿದರು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಶಿಕ್ಷೆಯಾದದ್ದು ಕೆಲವೇ ಕೆಲವರಿಗೆ. ನೂರಕ್ಕೂ ಹೆಚ್ಚು ಮಂದಿ ಖುಲಾಸೆಯಾದರು. ಅಷ್ಟರಲ್ಲಿ ಹಲವರ ಬದುಕಿನ ಏಳೆಂಟು ವರ್ಷ ಸೆರೆಮನೆಯಲ್ಲಿ ಕಳೆದುಹೋಗಿತ್ತು.

ಇಲ್ಲಿಯವರೆಗಿನದು ಅನ್ಯಾಯದ ಕತೆ. ಇದು ಭದ್ರತೆಯ ಕತೆಯೂ ಆಗುವುದು 2000ದ ಜುಲೈ 30ರಂದು. ಅಂದು ರಾತ್ರಿ ಗಾಜನೂರಿನಿಂದ ನಟ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ಅವನ ಬೇಡಿಕೆಗಳಲ್ಲಿ ಮುಖ್ಯವಾದದ್ದು ಮೈಸೂರಿನ ಟಾಡಾ ಕೈದಿಗಳ ಬಿಡುಗಡೆ. ಜೈಲಿನಲ್ಲಿ ಕೊಳೆಯುತ್ತಿರುವ ಅಮಾಯಕರ ಪರವಾಗಿ ಮಾತನಾಡುವವನ ವೇಷ ತೊಡಲು ಒಬ್ಬ ಕೊಲೆಗಾರನಿಗೆ ಸಾಧ್ಯವಾಯಿತು, ಏಕೆಂದರೆ ವಿಚಾರಣೆ ಮುಗಿಸದ ಸರ್ಕಾರ ಆ ವೇಷಕ್ಕೆ ಬೇಕಾದ ಬಟ್ಟೆಯನ್ನು ತಾನೇ ನೇಯ್ದು ಇಟ್ಟಿತ್ತು. ಮುಂದೆ ಆದದ್ದು ಇನ್ನೂ ಕೆಟ್ಟದ್ದು. ಏಳು ವರ್ಷ ಕಾಲ ಸಾವಧಾನವಾಗಿ ಪರಿಶೀಲಿಸದ ಪ್ರಕರಣಗಳಲ್ಲಿ ಟಾಡಾ ಆರೋಪ ಕೈಬಿಡಲು ಸರ್ಕಾರ ಕೆಲವೇ ದಿನಗಳಲ್ಲಿ ಸಿದ್ಧವಾಯಿತು. ವಿಶೇಷ ನ್ಯಾಯಾಲಯ ಒಪ್ಪಿಗೆಯನ್ನೂ ಕೊಟ್ಟಿತು. ಇದನ್ನು ತಡೆದವರು ಮೀಣ್ಯಂನಲ್ಲಿ ಹತರಾದ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ. ಅವರ ಮೇಲ್ಮನವಿಯ ಮೇಲೆ 2000ದ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಕ್ರಮವನ್ನು ರದ್ದು ಮಾಡಿತು. ಎಂಟು ದಿನಗಳ ಬಳಿಕ, 108 ದಿನಗಳ ಸೆರೆ ಮುಗಿಸಿ ರಾಜ್‌ಕುಮಾರ್ ಹಿಂದಿರುಗಿದರು. ಆದರೆ ಕೇಳಲೇಬೇಕಾದ ಪ್ರಶ್ನೆ ಹಾಗೆಯೇ ಉಳಿಯಿತು. ಆ ವಿಚಾರಣೆ 1996ಕ್ಕೋ 1997ಕ್ಕೋ ಮುಗಿದಿದ್ದರೆ ನಿರಪರಾಧಿಗಳು ಊರು ಸೇರಿರುತ್ತಿದ್ದರು, ಅಪರಾಧಿಗಳು ಶಿಕ್ಷೆ ಅನುಭವಿಸುತ್ತಿರುತ್ತಿದ್ದರು. ಇಬ್ಬರನ್ನೂ ಒಂದೇ ಪಟ್ಟಿಗೆ ಸೇರಿಸಿ ಬಿಡಿಸಿಕೊಳ್ಳುತ್ತೇನೆ ಎನ್ನಲು ಯಾವ ಅಪಹರಣಕಾರನಿಗೂ ಆಸ್ಪದ ಇರುತ್ತಿರಲಿಲ್ಲ. ಹಕ್ಕನ್ನು ಬದಿಗಿಟ್ಟದ್ದರಿಂದ ಉಳಿದದ್ದು ಭದ್ರತೆಯಲ್ಲ; ಶತ್ರುವಿನ ಕೈಗೆ ಒಂದು ಹಿಡಿಕೆ.

ಕಠಿಣ ಕಾನೂನು ಇಲ್ಲದೆ ಅಂಥವನನ್ನು ಮಣಿಸಲು ಆಗುತ್ತಿತ್ತೇ ಎಂಬ ಆಕ್ಷೇಪಕ್ಕೆ ಚರಿತ್ರೆಯೇ ಉತ್ತರ ಕೊಟ್ಟಿದೆ. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ವೀರಪ್ಪನ್ ಸತ್ತಾಗ ಟಾಡಾ ಹೋಗಿ ಒಂಬತ್ತು ವರ್ಷವಾಗಿತ್ತು. ತಮಿಳುನಾಡಿನ ಕಾರ್ಯಪಡೆ ತನ್ನವರನ್ನು ಅವನ ಬಳಗದೊಳಗೆ ನುಸುಳಿಸಿ, ಅವನನ್ನು ಆಂಬುಲೆನ್ಸ್‌ನಲ್ಲಿ ಕಾಡಿನಿಂದ ಹೊರಗೆ ತಂದಿತು. ತಾಳ್ಮೆಯ ಗುಪ್ತಚರ ಕೆಲಸ ಸಾಧಿಸಿದ್ದನ್ನು ಹಳ್ಳಿಗೆ ಹಳ್ಳಿಯನ್ನೇ ಶಂಕಿಸಿದ ಬಂಧನಗಳು ಸಾಧಿಸಿರಲಿಲ್ಲ. ಸಾಧಿಸುವುದು ಕಷ್ಟವೂ ಹೌದು. ಮಾಹಿತಿ ಬರಬೇಕಾದದ್ದು ಆ ಹಳ್ಳಿಗಳಿಂದಲೇ. ಪೊಲೀಸರನ್ನು ಕಂಡರೆ ಓಡುವ ಊರು ಪೊಲೀಸರಿಗೆ ಸುಳಿವು ಕೊಡುವುದಿಲ್ಲ. ಮಾದಪ್ಪನ ಬೆಟ್ಟದಲ್ಲಿ ಕಾರ್ಯಪಡೆ ಜನರನ್ನು ಹಿಂಸಿಸುತ್ತಿತ್ತು ಎನ್ನಲಾದ ‘ವರ್ಕ್‌ಶಾಪ್’ ಎಂಬ ಜಾಗದ ಬಗ್ಗೆ ದೂರುಗಳು ಬಂದವು. ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅದರ ಇನ್ನೊಬ್ಬ ಸದಸ್ಯರು. ಆ ವರದಿಯ ಆಧಾರದ ಮೇಲೆ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆಯೋಗ ಸೂಚಿಸಿತು. ಪೊಲೀಸರ ಕಷ್ಟ ಬಲ್ಲ ಸಿಬಿಐನ ಮಾಜಿ ಮುಖ್ಯಸ್ಥರೇ ಕೂತಿದ್ದ ಸಮಿತಿಯಿಂದ ಹೊರಟ ವರದಿ ಅದು; ಪೊಲೀಸ್ ವಿರೋಧಿಗಳ ಕೂಗೆಂದು ತಳ್ಳಿಹಾಕುವಂತಿಲ್ಲ.

ಅದೆಲ್ಲ ಹಳೆಯ ಮಾತು, ಈಗಿನ ಭಯೋತ್ಪಾದನೆ ಬೇರೆ ಎನ್ನುವವರಿಗೆ ಮೈಸೂರಿನಲ್ಲೇ ಇನ್ನೊಂದು ಉದಾಹರಣೆ ಇದೆ. 2016ರ ಆಗಸ್ಟ್ 1ರಂದು ನಗರದ ನ್ಯಾಯಾಲಯ ಸಂಕೀರ್ಣದ ಶೌಚಾಲಯದಲ್ಲಿ ಬಾಂಬ್ ಸಿಡಿಯಿತು. ಚಿತ್ತೂರು, ಕೊಲ್ಲಂ, ನೆಲ್ಲೂರು, ಮಲಪ್ಪುರಂಗಳಲ್ಲೂ ಅದೇ ವರ್ಷ ಇಂಥ ಸ್ಫೋಟಗಳು ನಡೆದವು. ನಾಲ್ಕು ತಿಂಗಳೊಳಗೆ ರಾಷ್ಟ್ರೀಯ ತನಿಖಾ ದಳ ಮದುರೆ ಕಡೆಯ ಶಂಕಿತರನ್ನು ಬಂಧಿಸಿತು. 2021ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮೂವರಿಗೆ ಶಿಕ್ಷೆ ವಿಧಿಸಿತು. ಆರೋಪಗಳಲ್ಲಿ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ) ಕೂಡ ಇತ್ತು ನಿಜ. ಆದರೆ ಇಲ್ಲಿ ಗೆದ್ದದ್ದು ಸರಿಯಾದ ವ್ಯಕ್ತಿಗಳನ್ನು ಹುಡುಕಿದ ತನಿಖೆ. ಊರಿಗೆ ಊರನ್ನೇ ಒಳಗೆ ಹಾಕಿದ್ದಲ್ಲ. ಅದೇ ಕಾಯ್ದೆ ದೇಶದ ಮಟ್ಟದಲ್ಲಿ ಹೇಗೆ ನಡೆಯುತ್ತಿದೆ ಎಂಬುದಕ್ಕೆ ಕೇಂದ್ರ ಗೃಹ ಇಲಾಖೆ ರಾಜ್ಯಸಭೆಗೆ ಕೊಟ್ಟ ಲೆಕ್ಕ ನೋಡಬೇಕು: 2016ರಿಂದ 2019ರವರೆಗೆ ಯುಎಪಿಎ ಅಡಿ ಬಂಧಿತರಾದವರು 5,922, ಅದೇ ಅವಧಿಯಲ್ಲಿ ಶಿಕ್ಷೆಯಾದವರು 132. ಉಳಿದವರೆಲ್ಲ ನಿರಪರಾಧಿಗಳು ಎಂದು ಇದರಿಂದ ಹೇಳಲಾಗದು, ಹಲವರ ವಿಚಾರಣೆ ಬಾಕಿಯಿತ್ತು. ಚಿಂತೆಯ ವಿಷಯವೇ ಆ ಬಾಕಿ. ಆರೋಪಪಟ್ಟಿ ಇಲ್ಲದೆ 180 ದಿನ ಇಟ್ಟುಕೊಳ್ಳಲು, ಆಮೇಲೂ ಜಾಮೀನು ನಿರಾಕರಿಸಲು ಅವಕಾಶ ಕೊಟ್ಟ ಕಾನೂನು, ವಿಚಾರಣೆ ಇಷ್ಟರೊಳಗೆ ಮುಗಿಯಲೇಬೇಕು ಎಂಬ ಗಡುವನ್ನು ಸರ್ಕಾರಕ್ಕೆ ಹಾಕಿಲ್ಲ. 2021ರಲ್ಲಿ ನಜೀಬ್ ಪ್ರಕರಣದಲ್ಲಿ, ವಿಚಾರಣೆ ಅತಿಯಾಗಿ ವಿಳಂಬವಾದಾಗ ಜಾಮೀನು ಕೊಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು ಇದರಿಂದಲೇ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಗಟ್ಟಿಯಾದ ಪ್ರಕರಣವೂ ಮೈಸೂರಿನದೇ. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೊದಲ್ಲಿ ಸಿಡಿದ ಕುಕ್ಕರ್ ಬಾಂಬ್‌ನ ಆರೋಪಿ ಅದಕ್ಕೆ ಮುಂಚೆ ಮೈಸೂರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದ. ಮಂಗಳೂರಿನ ಗೋಡೆಬರಹದ ಪ್ರಕರಣದಲ್ಲಿ 2020ರಲ್ಲೇ ಬಂಧಿತನಾಗಿ ಜಾಮೀನಿನ ಮೇಲೆ ಹೊರಬಂದವನು. ಜಾಮೀನು ಕೊಡದಿದ್ದರೆ ಆ ಸ್ಫೋಟ ಆಗುತ್ತಿರಲಿಲ್ಲವಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಸ್ಫೋಟದ ಹೊತ್ತಿಗೆ ಅವನು ಬರೀ ಜಾಮೀನಿನ ಮೇಲೆ ಹೊರಗಿದ್ದವನಾಗಿರಲಿಲ್ಲ. ಶಿವಮೊಗ್ಗದ ಇನ್ನೊಂದು ಪ್ರಕರಣದಲ್ಲಿ ಪೊಲೀಸರು ಹುಡುಕುತ್ತಿದ್ದ, ತಲೆಮರೆಸಿಕೊಂಡಿದ್ದ ಆರೋಪಿ. ಅವನನ್ನು ಬಂಧಿಸುವ ಅಧಿಕಾರ ಪೊಲೀಸರಿಗೆ ಪೂರ್ತಿಯಾಗಿ ಇತ್ತು. ಸಿಗದೆ ಹೋದದ್ದು ಆಳು. ಕೋಣೆಗೆ ಅವನು ಕೊಟ್ಟದ್ದು ಬೇರೊಬ್ಬರು ಕಳೆದುಕೊಂಡಿದ್ದ ಆಧಾರ್. ಅದರ ಅಸಲಿ ಒಡೆಯ ಏನೂ ಅರಿಯದೆ ಪೊಲೀಸರಿಗೆ ಉತ್ತರ ಹೇಳಬೇಕಾಯಿತು. ಘಟನೆಯ ನಂತರ ಬಾಡಿಗೆದಾರರೆಲ್ಲರ ವಿವರ ಠಾಣೆಗೆ ಕೊಡಬೇಕೆಂಬ ಸೂಚನೆ ಬಂತು. ವಿವರ ಕೊಡಲಿ, ತಪ್ಪಿಲ್ಲ. ಆದರೆ ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದ ಸಾವಿರಾರು ಹೊರರಾಜ್ಯದವರ ಚೀಟಿ ಪೇರಿಸಿಟ್ಟು, ಅದರಲ್ಲಿ ಒಂದನ್ನೂ ಅಸಲಿಯೇ ಎಂದು ನೋಡದಿದ್ದರೆ ಕೈಗೆ ಬರುವುದು ಬರಿಯ ಕಾಗದ. ಹೆಸರಿನ ಮೇಲೆ, ಮಾತಿನ ಮೇಲೆ ಮಾತ್ರ ಅನುಮಾನಪಟ್ಟರಂತೂ ಬೇರೆ ಧರ್ಮದ ಹೆಸರಿನ ಕಾರ್ಡು ತೋರಿಸಿದ ಅಂಥ ಆರೋಪಿಗೆ ಅದೇ ಅತ್ಯುತ್ತಮ ಮರೆ.

ಹಾಗಾದರೆ ಯಾವ ಅಧಿಕಾರವನ್ನು ಒಪ್ಪಬೇಕು, ಯಾವುದನ್ನು ಪ್ರಶ್ನಿಸಬೇಕು? ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ, ತಿ. ನರಸೀಪುರದ ತ್ರಿವೇಣಿ ಸಂಗಮದ ಕುಂಭಮೇಳದಲ್ಲಿ ಚೀಲ ತಪಾಸಣೆ, ಕ್ಯಾಮೆರಾ, ರಸ್ತೆ ಬದಲಾವಣೆ ಎಲ್ಲ ಇರುತ್ತವೆ. ಜನ ಗೊಣಗಿದರೂ ಒಪ್ಪುತ್ತಾರೆ. ಒಪ್ಪುವುದಕ್ಕೆ ಕಾರಣವಿದೆ. ಆ ನಿರ್ಬಂಧ ಎಲ್ಲರಿಗೂ ಒಂದೇ, ಎಲ್ಲರ ಕಣ್ಣೆದುರೇ ನಡೆಯುತ್ತದೆ, ತೇರು ನೆಲೆ ಸೇರಿದೊಡನೆ ಮುಗಿಯುತ್ತದೆ. ಟಾಡಾದಲ್ಲಿ ಈ ಮೂರೂ ಇರಲಿಲ್ಲ: ಅದು ಕೆಲವೇ ಊರುಗಳ ಮೇಲೆ ಬಿತ್ತು, ಠಾಣೆಯ ಗೋಡೆಗಳ ಒಳಗೆ ನಡೆಯಿತು, ಕಾಯ್ದೆ ಮುಗಿದರೂ ಒಳಗಿದ್ದವರಿಗೆ ಕೊನೆಯ ದಿನಾಂಕವೇ ಕಾಣಲಿಲ್ಲ. ಅಧಿಕಾರ ಎಷ್ಟು ಕಠಿಣ ಎಂಬುದಕ್ಕಿಂತ ಅದು ಯಾವಾಗ ಮುಗಿಯುತ್ತದೆ, ತಪ್ಪಾದರೆ ಯಾರು ಉತ್ತರ ಹೇಳುತ್ತಾರೆ ಎಂಬುದೇ ಸರಿಯಾದ ಅಳತೆ.

ಆ ಅಳತೆಯಿಂದ ನೋಡಿದರೆ ರಾಜ್ಯ ಸರ್ಕಾರ ಈಗಲೇ ಮಾಡಬಹುದಾದ ಕೆಲಸಗಳಿವೆ. ಯುಎಪಿಎ ಪ್ರಕರಣ ಎರಡು ವರ್ಷ ದಾಟಿದರೆ ವಿಳಂಬದ ಕಾರಣವನ್ನು ಬರಹದಲ್ಲಿ ವಿಧಾನಮಂಡಲಕ್ಕೆ ತಿಳಿಸಲಿ. ವಿಶೇಷ ನ್ಯಾಯಾಲಯಗಳಿಗೆ ಬೇಕಾದಷ್ಟು ಸರ್ಕಾರಿ ಅಭಿಯೋಜಕರನ್ನೂ ಸಿಬ್ಬಂದಿಯನ್ನೂ ಕೊಡಲಿ. ಖುಲಾಸೆಯಾದವರಿಗೆ ಹತ್ತು ವರ್ಷ ಕಾಯಿಸದೆ ಪರಿಹಾರ ಕೊಡುವ ನಿಯಮ ತರಲಿ. ವಕೀಲರ ಸಂಘಗಳೂ ನೆನಪಿಡಬೇಕಾದದ್ದೊಂದಿದೆ: ಆರೋಪಿಯೊಬ್ಬನ ಪರ ಯಾರೂ ವಕಾಲತ್ತು ಹಾಕಬಾರದೆಂಬ ನಿರ್ಣಯ ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ; ಆದರೂ 2020ರಲ್ಲಿ ಮೈಸೂರಿನಲ್ಲೂ ಹುಬ್ಬಳ್ಳಿಯಲ್ಲೂ ಅಂಥ ನಿರ್ಣಯಗಳಾದವು. ವಕೀಲನಿಲ್ಲದೆ ಆದ ಶಿಕ್ಷೆ ಮೇಲ್ಮನವಿಯಲ್ಲಿ ಬಿದ್ದುಹೋದರೆ ಅದರ ಲಾಭ ನಿಜವಾದ ಅಪರಾಧಿಗೆ. ಮಗನನ್ನು ಕಳೆದುಕೊಂಡ ಅಬ್ದುಲ್ ಕರೀಂ ಸೇಡು ಕೇಳಲಿಲ್ಲ, ಪ್ರಕರಣಗಳನ್ನು ಕಾನೂನಿನ ಪ್ರಕಾರ ನಡೆಸಿ ಎಂದು ಕೇಳಿದರು. ಆ ಬೇಡಿಕೆಯಲ್ಲಿ ಸತ್ತ ಪೊಲೀಸರಿಗೂ ನ್ಯಾಯವಿತ್ತು, ಜೈಲಿನಲ್ಲಿದ್ದ ನಿರಪರಾಧಿಗೂ ದಾರಿಯಿತ್ತು. ಮುಂದಿನ ದಾಳಿಯ ಮರುದಿನ ನಾವು ಸರ್ಕಾರವನ್ನು ಕೇಳಬೇಕಾದದ್ದು ಹೊಸ ಕಾಯ್ದೆಯನ್ನಲ್ಲ, ಹಳೆಯ ಪ್ರಕರಣಗಳ ತೀರ್ಪು ಎಲ್ಲಿಗೆ ಬಂತು ಎಂಬ ಲೆಕ್ಕವನ್ನು.