ಮುಕ್ಕಣ್ಣನೂ ಗುಮ್ಮನೂ

ಹೆದರಿಕೆಗೂ ಒಂದು ಊರುಂಟು, ಒಂದು ಬೆಳೆಯುಂಟು. ಕಡಲ ಕರೆಯವರ ಭೂತ ಅಲೆಯ ಮೇಲೆ ಬಂದರೆ, ತೆಂಗಿನ ಸೀಮೆಯವರ ಭೂತ ಮರದಿಂದಲೇ ಇಳಿದು ಬರಬೇಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳಲ್ಲಿ ರಾತ್ರಿಯೆಂಬುದು ಸಂಪೂರ್ಣ ನಿಶ್ಶಬ್ದವಾಗಿರುವುದಿಲ್ಲ. ಒಣಗಿದ ಗರಿ ಸರಸರನೆ ಜಾರಿ ದೊಪ್ಪನೆ ಬೀಳುತ್ತದೆ. ಬಲಿತ ಕಾಯಿ ತೊಟ್ಟು ಕಳಚಿ ನೆಲವನ್ನು ಗುದ್ದುತ್ತದೆ. ಅಟ್ಟದ ಮೇಲೆ ಉಂಡೆಕೊಬ್ಬರಿಗೆಂದು ತಿಂಗಳುಗಟ್ಟಲೆ ಕೂಡಿಟ್ಟ ಕಾಯಿಗಳುಂಟು. ನೀರು ಬತ್ತಿ, ತಿರುಳು ಚಿಪ್ಪನ್ನು ಬಿಟ್ಟ ಕಾಯಿಯೊಂದನ್ನು ಇಲಿ ಉರುಳಿಸಿತೆಂದರೆ ಒಳಗೆ ಯಾರೋ ಕದ ತಟ್ಟಿದಂತೆ ಗಡಗಡ ಸದ್ದು. ಯಜಮಾನನ ಕಿವಿಗೆ ಅದು ಕೊಬ್ಬರಿ ಹದಕ್ಕೆ ಬಂದ ಶುಭ ಸಮಾಚಾರ. ಕಂಬಳಿಯೊಳಗೆ ಮುದುರಿದ ಮಗುವಿನ ಕಿವಿಗೆ ಗುಮ್ಮನ ಹೆಜ್ಜೆ. ಸದ್ದು ಒಂದೇ, ಕೇಳುವ ಕಿವಿ ಬೇರೆ.

ಕಡಲಾಚೆಯ ಜಾವಾ ದ್ವೀಪವೂ ತೆಂಗಿನ ನಾಡೇ. ಅಲ್ಲಿನ ಅಜ್ಜಿಯರು ಗ್ಲುಂಡುಂಗ್ ಪ್ರಿಂಗಿಸ್ ಎಂಬ ಭೂತದ ಕಥೆ ಹೇಳುತ್ತಾರೆ. ಕತ್ತಲಲ್ಲಿ ತೆಂಗಿನಕಾಯಿ ಬಿದ್ದ ಸದ್ದಾಗುತ್ತದೆ. ಆಸೆಪಟ್ಟು ಎತ್ತಿಕೊಳ್ಳಲು ಹೋದವನ ಮುಂದೆ ಆ ಕಾಯಿ ಉರುಳಿ, ಹಲ್ಲು ಕಿರಿಯುವ ರುಂಡವಾಗುತ್ತದೆ. ಕಥೆ ಕೇಳಿದ ಮಗು ರಾತ್ರಿಯ ವೇಳೆ ತೆಂಗಿನ ಮರದ ಕೆಳಗೆ ಸುಳಿಯುವುದಿಲ್ಲ. ತಲೆಯ ಮೇಲೆ ಕಾಯಿ ಬೀಳುವ ಅಪಾಯವೂ ತಪ್ಪುತ್ತದೆ. ಅಜ್ಜಿಯ ಜಾಣ್ಮೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇಂತಹ ಅಜ್ಜಿಕಥೆಗಳ ಭೂತಗಳನ್ನೇ ಇಂಡೋನೇಷ್ಯಾದ ತರುಣರು ಈಗ ಜಗತ್ತಿನ ಮುಂದೆ ತಂದು ನಿಲ್ಲಿಸಿದ್ದಾರೆ. ಬಾಂಡುಂಗ್ ನಗರದ ಡಿಜಿಟಲ್ ಹ್ಯಾಪಿನೆಸ್ ಎಂಬ ಸಂಸ್ಥೆ 2014ರಲ್ಲಿ ‘ಡ್ರೆಡ್‌ಔಟ್’ ಎಂಬ ವಿಡಿಯೋ ಆಟವನ್ನು ಹೊರತಂದಿತು. ಲಿಂಡಾ ಎಂಬ ಶಾಲಾ ಬಾಲಿಕೆ ಗೆಳೆಯರೊಡನೆ ಪ್ರವಾಸ ಹೊರಟು, ಜನಶೂನ್ಯವಾದ ಊರೊಂದರಲ್ಲಿ ಸಿಕ್ಕಿಬೀಳುತ್ತಾಳೆ. ಅವಳ ಕೈಯಲ್ಲಿ ಕತ್ತಿಯಿಲ್ಲ, ಕೋವಿಯಿಲ್ಲ. ಇರುವುದು ಕ್ಯಾಮೆರಾ ಮಾತ್ರ. ಭೂತ ಎದುರಾದಾಗ ಓಡದೆ ನಿಂತು ಅದರ ಚಿತ್ರ ತೆಗೆದರೆ ಅದು ಹಿಮ್ಮೆಟ್ಟುತ್ತದೆ. ಜಪಾನಿನವರು 2001ರಲ್ಲೇ ಕ್ಯಾಮೆರಾದಿಂದ ಭೂತವನ್ನೆದುರಿಸುವ ಆಟವೊಂದನ್ನು ರಚಿಸಿದ್ದರು. ಬಾಂಡುಂಗಿನವರು ಆ ಉಪಾಯಕ್ಕೆ ತಮ್ಮ ನೆಲದ ಭೂತಗಳನ್ನು ತುಂಬಿದರು. ಭಯವನ್ನು ನೇರವಾಗಿ ನೋಡಿದವನೇ ಅದನ್ನು ಗೆಲ್ಲುತ್ತಾನೆಂಬ ಹಳೆಯ ನೀತಿ ಹೊಸ ವೇಷ ತೊಟ್ಟಿದೆ, ಅಷ್ಟೆ.

2018ರಲ್ಲಿ ಅದೇ ದೇಶದಿಂದ ‘ಪಮಾಲಿ’ ಎಂಬ ಮತ್ತೊಂದು ಆಟ ಬಂದಿತು. ಪಮಾಲಿ ಎಂದರೆ ಮಾಡಬಾರದ್ದು, ನಿಷಿದ್ಧವಾದುದು. ಅದರ ಮೊದಲ ಕಥೆಯಲ್ಲಿ ತರುಣನೊಬ್ಬ ಬಹುಕಾಲ ಪಾಳುಬಿದ್ದ ತನ್ನ ಮನೆತನದ ಮನೆಯನ್ನು ಮಾರುವ ಮುನ್ನ ಚೊಕ್ಕಟ ಮಾಡಲು ಬರುತ್ತಾನೆ. ಅವನು ಏನು ಮುಟ್ಟಿದ, ಹೇಗೆ ಮಾತಾಡಿದ, ಯಾವ ಕಟ್ಟಳೆ ಮುರಿದ ಎಂಬುದರ ಮೇಲೆ ಆ ಮನೆಯ ಭೂತದ ಕೋಪ ನಿಂತಿದೆ. ರಾತ್ರಿ ಉಗುರು ಕತ್ತರಿಸಬಾರದು, ಕತ್ತಲಲ್ಲಿ ಸಿಳ್ಳೆ ಹಾಕಬಾರದು, ಬಾಗಿಲಲ್ಲಿ ಕುಳಿತ ಕನ್ನೆಗೆ ವರ ಸಿಗುವುದು ತಡವಾದೀತು — ಇವೆಲ್ಲ ಆ ನಾಡಿನ ಹಿರಿಯರ ನಿಷೇಧಗಳು. ಇವನ್ನು ಓದಿದ ಕನ್ನಡದ ಗೃಹಿಣಿಗೆ ನಗು ಬಾರದಿರದು. ಹೊಸ್ತಿಲ ಮೇಲೆ ಕೂರಬೇಡ, ದೀಪ ಹಚ್ಚಿದ ಮೇಲೆ ಉಗುರು ತೆಗೆಯಬೇಡ ಎಂದು ಅವಳ ಅತ್ತೆಯೂ ಗದರಿದವರೇ ತಾನೆ! ಎಣ್ಣೆಯ ದೀಪದ ಮಂದ ಬೆಳಕಿನಲ್ಲಿ ಹರಿತವಾದ ಕತ್ತಿ ಹಿಡಿಯುವುದು ಅಪಾಯವೆಂಬುದು ಎರಡು ನಾಡಿಗೂ ಒಂದೇ ತಿಳಿವು. ಆ ಮನೆಯ ಸ್ಥಿತಿಯೂ ಅಪರಿಚಿತವಲ್ಲ. ಮಕ್ಕಳು ಬೆಂಗಳೂರು ಸೇರಿ, ಬೀಗ ಜಡಿದು, ಅಟ್ಟ ಬರಿದಾದ ಹೆಂಚಿನ ಮನೆಗಳು ತಿಪಟೂರಿನ ಸೀಮೆಯಲ್ಲಿಯೂ ಉಂಟು. ಅಲ್ಲಿ ನಿಜಕ್ಕೂ ಹೆದರಿಸುವುದು ಭೂತವಲ್ಲ, ಮರೆವು.

ಈ ಭೂತಗಳ ಹಿಂದೆ ಕಣ್ಣೀರೂ ಇದೆ. ಇಂಡೋನೇಷ್ಯಾದ ಭೂತಗಳಲ್ಲೆಲ್ಲ ಹೆಸರಾದವಳು ಕುಂಟಿಲಾನಕ್. ಬಿಳಿಯುಡುಗೆ, ಬಿಚ್ಚಿದ ತಲೆಗೂದಲು. ಬಸುರಿಯಾಗಿಯೋ ಹೆರಿಗೆಯಲ್ಲಿಯೋ ಸತ್ತವಳು ಅವಳೆಂದು ಜನ ನಂಬುತ್ತಾರೆ. ಬಾಣಂತಿಯಾಗಿ ಸತ್ತವಳ ಭಯ ಕನ್ನಡದ ಹಳ್ಳಿಗಳಿಗೂ ಹೊಸದಲ್ಲ. ವೈದ್ಯರಿಲ್ಲದ, ದಾರಿಯಿಲ್ಲದ ಕಾಲದಲ್ಲಿ ತೀರಿಹೋದ ಆ ತರುಣಿಯರು ಲೆಕ್ಕಕ್ಕೆ ಸಿಕ್ಕಾರೆ? ಉಳಿದವರ ಸಂಕಟ, ಏನೂ ಮಾಡಲಾಗಲಿಲ್ಲವೆಂಬ ಅಳುಕು, ಇವೇ ಬಿಳಿಯ ಸೀರೆಯುಟ್ಟು ರಾತ್ರಿ ತಿರುಗಿದವು. ತಮಿಳುನಾಡಿನಲ್ಲಿ ಅದೇ ದುಃಖ ಬೇರೊಂದು ರೂಪ ತಾಳಿತು: ಬಸುರಿ ಸತ್ತರೆ ಅವಳ ಹೆಸರಿನಲ್ಲಿ ದಾರಿಯ ಬದಿಗೆ ಹೊರೆಗಲ್ಲು ನೆಡುವ ವಾಡಿಕೆ ಅಲ್ಲಿತ್ತು. ಇಳಿಸಲಾರದ ಹೊರೆ ಹೊತ್ತು ಹೋದವಳ ನೆನಪಿನಲ್ಲಿ ದಾರಿಹೋಕರು ತಮ್ಮ ಹೊರೆಯನ್ನು ಅಲ್ಲಿ ಇಳಿಸಿ ದಣಿವಾರಿಸಿಕೊಂಡರು. ಒಂದೇ ಶೋಕ, ಒಂದು ಕಡೆ ಭೂತ, ಇನ್ನೊಂದು ಕಡೆ ನೆರಳಿನಂತಹ ಕಲ್ಲು.

ಕನ್ನಡಿಗರ ಭೂತಗಳೇನು ಬಡವೆ? 1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಸುತ್ತಲ ಊರುಗಳಲ್ಲಿಯೂ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ಬಂಧುಗಳ ದನಿಯಲ್ಲಿ ಕರೆಯುವ ಹೆಣ್ಣು ಭೂತ ಅದನ್ನೋದಿ ಹಿಂದಿರುಗುವುದಂತೆ. ಮರುದಿನ ಬಂದರೂ ಅದೇ ಬರಹ! ಮಂತ್ರವಿಲ್ಲ, ಬಲಿಯಿಲ್ಲ, ಸಾಲಗಾರನನ್ನು ಸಾಗಹಾಕುವ ಮಾತಿನಿಂದಲೇ ಭೂತವನ್ನೂ ಸಾಗಹಾಕಿದ ಸಂಸಾರಸ್ಥರ ವಿನೋದ ಅದು. 2018ರಲ್ಲಿ ಇದೇ ಎಳೆ ಹಿಡಿದು ‘ಸ್ತ್ರೀ’ ಎಂಬ ಹಿಂದೀ ಚಿತ್ರ ಬಂದು ಜಯಭೇರಿ ಹೊಡೆಯಿತು. ಕನ್ನಡದ ಬಾಗಿಲ ಮೇಲಿನ ಬರಹಕ್ಕೆ ಬೆಲೆ ಕಟ್ಟಲು ಹಿಂದಿಯವರು ಬರಬೇಕಾಯಿತು.

ಹಾಗೆಂದು ಎಳೆಯ ಮಕ್ಕಳ ಕೈಗೆ ಇಂತಹ ಆಟ ಕೊಟ್ಟು ಕೂರಿಸುವುದು ವಿವೇಕವಲ್ಲ. ಅಜ್ಜಿ ಹೇಳುವ ಕಥೆಯಲ್ಲಿ ಭೂತದ ಜೊತೆಗೆ ಅಜ್ಜಿಯ ಮಡಿಲೂ ಇರುತ್ತದೆ. ಮಗು ಬೆಚ್ಚಿದರೆ ಅವಳು ದನಿ ತಗ್ಗಿಸುತ್ತಾಳೆ. ಕಿವಿಗೆ ಯಂತ್ರ ತೊಟ್ಟು ಕತ್ತಲ ಕೋಣೆಯಲ್ಲಿ ಒಂಟಿಯಾಗಿ ಆಡುವ ಮಗುವಿಗೆ ಆ ಮಡಿಲಿಲ್ಲ. ಬೆಳೆದ ಮಕ್ಕಳು ಆಡಲಿ. ಆದರೆ ಆಡಿದ ಮೇಲೆ, ತೋಟದ ಮನೆಯ ಹಿರಿಯರನ್ನು ಕೊಳ್ಳಿದೆವ್ವ ಎಲ್ಲಿ ಕಂಡಿತ್ತೆಂದು ಕೇಳಲಿ. ಕೇಳುವವರಿಲ್ಲದೆ ಮುಗಿದುಹೋಗುವ ಕಥೆಯನ್ನು ಯಾವ ಯಂತ್ರವೂ ಮರಳಿ ತರಲಾರದು.

ತೆಂಗಿನಕಾಯಿಯ ಮೂರು ಗುಳಿಗಳನ್ನು ಕಂಡ ಪೋರ್ಚುಗೀಸ್ ನಾವಿಕರು ಅದನ್ನು ‘ಕೋಕೋ’ ಎಂದು ಕರೆದರಂತೆ. ಮಕ್ಕಳನ್ನು ಹೆದರಿಸುವ ಗುಮ್ಮನಿಗೆ ಅವರಿಟ್ಟ ಹೆಸರದು. ಕನ್ನಡಿಗರು ಅದೇ ಮೂರು ಗುಳಿಗಳಲ್ಲಿ ಮುಕ್ಕಣ್ಣನನ್ನು ಕಂಡು, ಶುಭಕಾರ್ಯಕ್ಕೆ ಮೊದಲು ಕೈಮುಗಿದು ಒಡೆದರು. ಕಾಯಿ ಎರಡಲ್ಲ, ಒಂದೇ.